ಮೂರು ಹೊತ್ತು ಕರೆದು ತಂದ ಲ್ಯಾಪ್‌ಟಾಪು

ನನ್ನ ಮೈದುನ ಚನ್ನರಾಯಪ್ಪನಿಗೆ ಈಗ ಅರವತ್ತೆರಡು ವರ್ಷ. ಟೇಕಲ್ ಸುತ್ತಮುತ್ತಲ ಹತ್ತು ಹನ್ನೆರಡು ಹಳ್ಳಿಗಳಲ್ಲಿ ಯಾರೇ ಹಸು ತಗೊಳ್ಳಲಿ, ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಅವನು ದಲ್ಲಾಳಿ ಅಲ್ಲ. ದಲ್ಲಾಳಿ ಎಂದರೆ ಅವನಿಗೆ ಸಿಟ್ಟು ಬರುತ್ತದೆ. ಹೋಗುವಾಗ ಒಂದು ಟೀ, ಬರುವಾಗ ಒಂದು ಟೀ ಮತ್ತು ಎರಡು ಬನ್ನು, ಇಷ್ಟೇ ಅವನ ಕೂಲಿ. ಬನ್ನು ಒಂದೇ ಕೊಟ್ಟರೆ ಎರಡನೆಯದನ್ನು ಕೇಳಿ ತಗೊಳ್ಳುತ್ತಾನೆ.

ಹಸುವಿನ ಹತ್ತಿರ ಹೋದರೆ ಅವನು ಮೊದಲು ಮಾತಾಡುವುದಿಲ್ಲ. ಒಂದು ಸುತ್ತು ಹಾಕುತ್ತಾನೆ. ಬೆನ್ನ ಮೇಲೆ ಕೈ ಇಡುತ್ತಾನೆ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಹೊಟ್ಟೆಯ ಕೆಳಗಿನ ಹಾಲಿನ ನರ ಎಷ್ಟು ದಪ್ಪ ಎಂದು ಬೆರಳಿನಿಂದ ನೋಡುತ್ತಾನೆ. ಆಮೇಲೆ ಎಷ್ಟನೇ ಸೂಲು ಎಂದು ಕೇಳುತ್ತಾನೆ. ಹಸು ಎಷ್ಟು ಸಲ ಕರು ಹಾಕಿದೆಯೋ ಅಷ್ಟು ಸೂಲು. ಎರಡು, ಮೂರು ಆದರೆ ಸರಿ. ನಾಲ್ಕು ಪರವಾಗಿಲ್ಲ. ಐದು ದಾಟಿದೆ ಅಂದರೆ ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡು ಎದ್ದುಬಿಡುತ್ತಾನೆ.

ಇಷ್ಟೆಲ್ಲ ಸರಿ ಬಂದರೂ ಅವನು ಹಸು ಕೊಳ್ಳಲು ಬಿಡುವುದಿಲ್ಲ. ಮೂರು ಹೊತ್ತು ಎದುರಿಗೆ ಕರೆದು ನೋಡಬೇಕು. ಮಾರುವವರು ಹಿಂದಿನ ಹೊತ್ತಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿಸಿ ತೋರಿಸುತ್ತಾರೆ. ಆದ್ದರಿಂದ ಮೊದಲ ಹೊತ್ತಿನದು ಲೆಕ್ಕಕ್ಕಿಲ್ಲ. ಎರಡನೆಯ ಹೊತ್ತಿಗೆ ನಿಜ ಗೊತ್ತಾಗುತ್ತದೆ, ಮೂರನೆಯದಕ್ಕೆ ಅನುಮಾನ ಹೋಗುತ್ತದೆ. ಅಲ್ಲಿಯವರೆಗೆ ಅವನು ಹಸುವಿನ ಪಕ್ಕದಿಂದ ಏಳುವುದಿಲ್ಲ. ಮುಳಬಾಗಿಲಿನ ಕಡೆ ಒಂದು ಮನೆಯಲ್ಲಿ ಹೀಗೆ ಕೂತಿದ್ದಾಗ, ಆ ಮನೆಯ ಅಜ್ಜಿ ಇವನನ್ನು ಮೊಮ್ಮಗಳನ್ನು ನೋಡಲು ಬಂದ ಗಂಡಿನ ಕಡೆಯವನು ಅಂದುಕೊಂಡು ಉಪ್ಪಿಟ್ಟು ಕೊಟ್ಟು, ‘ನಮ್ಮ ಹುಡುಗಿ ಬಾಳ ಸಾಧು’ ಎಂದಳಂತೆ. ಇವನು ಉಪ್ಪಿಟ್ಟು ತಿಂದು, ‘ಸಾಧು ಸರಿ ತಾಯಿ, ಒದೆಯಲ್ಲ ತಾನೆ?’ ಎಂದನಂತೆ. ನಿಜವಾದ ಗಂಡಿನವರು ಹಿಂದೆಯೇ ಬಂದದ್ದರಿಂದ ಇವನು ಪೆಟ್ಟು ತಿನ್ನದೆ ಉಳಿದ.

ಇಂಥವನು ಲ್ಯಾಪ್‌ಟಾಪು ಆರಿಸಲು ಹೋದದ್ದನ್ನು ಈಗ ಬರೆಯುತ್ತೇನೆ.

ನನ್ನ ಸೊಸೆ ಸುನಂದ ಬಿ.ಕಾಂ. ಓದಿದ್ದಾಳೆ. ಮೂವತ್ತೊಂದು ವರ್ಷ. ಮಾಲೂರಿನ ಸುತ್ತ ಎಷ್ಟೋ ಫ್ಯಾಕ್ಟರಿಗಳಿಗೆ ಹೋಗಿ ಕೇಳಿದಳು. ಎಲ್ಲರಿಗೂ ಇಪ್ಪತ್ತೈದರ ಒಳಗಿನವರು ಬೇಕು. ಐದು ವರ್ಷ ಹೀಗೇ ಹೋಯಿತು. ಹೋದ ವರ್ಷ ಆಷಾಢದಲ್ಲಿ ಮಾಲೂರಿನ ಮಹಿಳಾ ಸಂಘಗಳ ಒಕ್ಕೂಟವೊಂದರಲ್ಲಿ ಕಂಪ್ಯೂಟರ್ ಕೆಲಸ ಇದೆ ಎಂದು ತಿಳಿಯಿತು. ಸದಸ್ಯರ ಪಟ್ಟಿ ಇಡುವುದು, ಅರ್ಜಿ ತುಂಬುವುದು, ಕನ್ನಡದಲ್ಲಿ ಪತ್ರ ಟೈಪ್ ಮಾಡುವುದು, ಜಿಲ್ಲೆಯವರು ವಿಡಿಯೋದಲ್ಲಿ ಮೀಟಿಂಗ್ ಕರೆದರೆ ಕೂರುವುದು. ಅಧ್ಯಕ್ಷೆ ಶಾಮಲಮ್ಮ ಒಂದು ಷರತ್ತು ಹಾಕಿದರು. ಲ್ಯಾಪ್‌ಟಾಪು ನಿನ್ನದೇ ಇರಬೇಕು. ಸೋಮವಾರ ಹನ್ನೊಂದು ಗಂಟೆಗೆ ನಮ್ಮೆದುರು ಕೂತು ಕೆಲಸ ಮಾಡಿ ತೋರಿಸಬೇಕು. ಸುನಂದಳಿಗಿಂತ ಮುಂಚೆ ಬಂದಿದ್ದ ಹುಡುಗಿಯ ಲ್ಯಾಪ್‌ಟಾಪು ಅರ್ಧಕ್ಕೆ ನಿಂತುಹೋಗಿ, ಅವಳನ್ನು ಅಲ್ಲಿಂದಲೇ ವಾಪಸು ಕಳಿಸಿದ್ದರು. ಸುನಂದಳ ಹಿಂದೆ ಇನ್ನೂ ಮೂವರು ಕಾಯುತ್ತಿದ್ದರು.

ನಮ್ಮ ಕೈಯಲ್ಲಿ ನಲವತ್ತು ಸಾವಿರ ಇತ್ತು. ಒಂದು ತಗೊಳ್ಳಲು ಸಾಕು. ತಪ್ಪಿದರೆ ಇನ್ನೊಂದು ತಗೊಳ್ಳಲು ಇಲ್ಲ.

ಗುರುವಾರ ಸಂಜೆ ಸುನಂದಳ ತಮ್ಮ ಮುರಳಿಮೋಹನ್ ಬಂದ. ಅವನು ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಮಿಷಿನ್ ಆಪರೇಟರು. ಲೋಕದಲ್ಲಿರುವುದೆಲ್ಲ ಅವನಿಗೆ ಫೋನಿನಲ್ಲಿ ಗೊತ್ತಾಗುತ್ತದೆ.

“ಅಕ್ಕಾ, ಕಣ್ಮುಚ್ಕೊಂಡು ಐ ಸೆವೆನ್ ತಗೋ. ಐ ತ್ರೀ ತಗೊಂಡ್ರೆ ನಮ್ ಫ್ಯಾಕ್ಟ್ರೀಲಿ ನಗ್ತಾರೆ.”

“ನಿಮ್ ಫ್ಯಾಕ್ಟ್ರೀಲಿ ಯಾರ್ ಹತ್ರ ಐತೆ ಐ ಸೆವೆನ್ನು?” ಎಂದಳು ಸುನಂದ.

“ಯಾರ್ ಹತ್ರಾನೂ ಇಲ್ಲ.”

ಜಗಲಿಯ ಮೇಲೆ ಕೂತಿದ್ದ ಚನ್ನರಾಯಪ್ಪ ತಿರುಗಿದ. “ಏನೋ ಅದು, ಐ ಸೆವೆನ್ನು?”

“ಪ್ರೊಸೆಸರ್ ಮಾವ. ಲ್ಯಾಪ್‌ಟಾಪಿನ ಮೆದುಳು. ಮೂರು, ಐದು, ಏಳು ಅಂತ ಬರ್ತದೆ. ಏಳು ದೊಡ್ಡದು.”

“ನಾಕು, ಆರು?”

“ಅದಿಲ್ಲ.”

“ಯಾಕಿಲ್ಲ?”

ಮುರಳಿಗೆ ಗೊತ್ತಿರಲಿಲ್ಲ. ಸೂಲು ಕೇಳಿದಾಗ ತಡವರಿಸುವ ಹಸುವಿನ ಯಜಮಾನನನ್ನು ನೋಡುವ ಹಾಗೆ ಚನ್ನರಾಯಪ್ಪ ಅವನನ್ನು ನೋಡಿದ.

“ವದಿನಾ,” ಎಂದ ನನ್ನ ಕಡೆ ತಿರುಗಿ. ಅತ್ತಿಗೆಯನ್ನು ಅವನು ತೆಲುಗಿನಲ್ಲೇ ಕರೆಯುವುದು. “ಇವನ ಮಾತು ನಂಬಿ ಹೋಗ್ಬೇಡಿ. ನಾಳೆ ನಾನೂ ಬರ್ತೀನಿ.”

“ನಿಂಗೆ ಅದರ ಬಗ್ಗೆ ಏನಪ್ಪ ಗೊತ್ತು?” ಎಂದೆ.

“ಅದರ ಬಗ್ಗೆ ಗೊತ್ತಿಲ್ಲ. ಮಾರೋರ ಬಗ್ಗೆ ಗೊತ್ತು.”

ನನ್ನ ಮಗ ಅಮರನಾಥ್ ಟೊಮೆಟೊ ಟೆಂಪೊ ಓಡಿಸುತ್ತಾನೆ, ಅವನಿಗೆ ಬಿಡುವಿರಲಿಲ್ಲ. ಶುಕ್ರವಾರ ಎಂಟೂಕಾಲರ ಬಸ್ಸಿಗೆ ನಾವು ನಾಲ್ವರು ಹೊರಟೆವು. ಒಂದು ಡಬ್ಬಿ ತುಂಬ ಚಿತ್ರಾನ್ನ ಕಟ್ಟಿಕೊಂಡಿದ್ದೆ. ಸುನಂದ ಒಂದು ಪೆನ್‌ಡ್ರೈವ್ ಇಟ್ಟುಕೊಂಡಿದ್ದಳು. ಅಭ್ಯಾಸ ಮಾಡಲೆಂದು ಒಕ್ಕೂಟದವರು ಸಾವಿರದ ಎಂಟುನೂರ ಅರವತ್ತು ಸದಸ್ಯರ ಪಟ್ಟಿಯನ್ನು ಅದರಲ್ಲಿ ಹಾಕಿ ಕೊಟ್ಟಿದ್ದರು.

ಕೋಲಾರದಲ್ಲಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಇರುವ ಲ್ಯಾಪ್‌ಟಾಪಿನ ಅಂಗಡಿಗೆ ಹೋದೆವು. ಹತ್ತು ಗಂಟೆಗೆ ಆಗ ತಾನೆ ಬಾಗಿಲು ತೆಗೆದಿದ್ದರು. ನಾಹಿದ್ ಎಂಬ ಹುಡುಗಿ ಇದ್ದಳು, ಅಂಗಡಿ ಅವಳ ತಂದೆಯದು. ಇಪ್ಪತ್ತಾರು ಇಪ್ಪತ್ತೇಳು ವರ್ಷ ಇರಬಹುದು. ಸುನಂದಳ ಕೆಲಸ ಏನು ಎಂದು ಮೊದಲು ಕೇಳಿದಳು. ಅದು ನನಗೆ ಹಿಡಿಸಿತು. ಕೇಳಿ, ಎರಡು ಲ್ಯಾಪ್‌ಟಾಪು ತೆಗೆದು ಮೇಜಿನ ಮೇಲೆ ಇಟ್ಟಳು.

“ಇದು ಹೊಸದು, ಐ ತ್ರೀ, ಮೂವತ್ತೆಂಟೂವರೆ ಸಾವಿರ. ಇದು ಐ ಫೈವ್, ಐವತ್ನಾಲ್ಕು. ನಿಮ್ ಕೆಲ್ಸಕ್ಕೆ ಐ ತ್ರೀ ಸಾಕು ಅಕ್ಕ.”

ಮುರಳಿ ಆ ಕಡೆ ನೋಡಲೇ ಇಲ್ಲ. ಗೋಡೆಯ ಪಕ್ಕದ ಗಾಜಿನ ಬೀರುವಿನಲ್ಲಿದ್ದ ಇನ್ನೊಂದನ್ನು ತೋರಿಸಿ, “ಅದು?” ಎಂದ.

“ಅದು ಸೆಕೆಂಡ್ಸು. ರಿಪೇರಿ ಮಾಡಿ ಇಟ್ಟಿರೋದು. ಐ ಸೆವೆನ್, ಇಪ್ಪತ್ನಾಲ್ಕು ಸಾವಿರ. ಆದ್ರೆ ಅಣ್ಣ, ಅದು…”

“ಇಪ್ಪತ್ನಾಲ್ಕಕ್ಕೆ ಐ ಸೆವೆನ್ನಾ!” ಮುರಳಿ ಅದರ ಮುಂದೆ ಹೋಗಿ ನಿಂತುಬಿಟ್ಟ.

ಚನ್ನರಾಯಪ್ಪ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಮೇಜಿನ ಸುತ್ತ ಒಂದು ಸುತ್ತು ಹಾಕಿದ. ಹೊಸದರ ಬೆನ್ನ ಮೇಲೆ ಅಂಗೈ ಇಟ್ಟ. ಮುಚ್ಚಳ ತೆರೆದು, ಕೀಲು ಗಟ್ಟಿ ಇದೆಯೇ ಎಂದು ಎರಡು ಸಲ ಮುಚ್ಚಿ ತೆಗೆದ. ಕೀಲಿಗಳನ್ನು ಸಾಲಾಗಿ ನೋಡಿದ. ಆಮೇಲೆ ಕೇಳಿದ.

“ಇದು ಏನು ತಿನ್ನುತ್ತೆ ತಾಯಿ?”

“ಕರೆಂಟು ಯಜಮಾನ್ರೇ.”

“ದಿನಕ್ಕೆ ಎಷ್ಟು ಸಲ?”

“ಒಂದ್ಸಲ ಫುಲ್ ಚಾರ್ಜ್ ಮಾಡಿದ್ರೆ ಆರೇಳು ಗಂಟೆ ಬರ್ತದೆ.”

“ಎಷ್ಟನೇ ಸೂಲು?”

ಸುನಂದ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ನಾಹಿದ್ ನಗಲಿಲ್ಲ. “ನಮ್ಮನೇಲೂ ಎರಡು ಸೀಮೆಹಸು ಅವೆ ಯಜಮಾನ್ರೇ,” ಎಂದಳು. ಸ್ವಲ್ಪ ಯೋಚಿಸಿ, “ಹಂಗೆ ಕೇಳಿದ್ರೆ… ಪ್ರೊಸೆಸರ್‌ಗೆ ಜನರೇಶನ್ ಅಂತ ಒಂದು ಇರ್ತದೆ. ಇದು ಹದಿಮೂರನೇದು.”

“ಹದಿಮೂರಾ?”

“ಹೂಂ. ಹದಿಮೂರು.”

ಚನ್ನರಾಯಪ್ಪ ಹೊಸ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. ತೀರಿಹೋದವರ ಕಣ್ಣು ಮುಚ್ಚುವ ಹಾಗೆ ಮುಚ್ಚಿದ. “ವದಿನಾ, ನನ್ನ ಜನ್ಮದಲ್ಲಿ ಹದಿಮೂರು ಸೂಲಿಂದು ನೋಡಿಲ್ಲ. ಇದಕ್ಕೆ ಮೂವತ್ತೆಂಟು ಸಾವಿರ ಬೇರೆ ಹೇಳ್ತಾಳೆ.”

“ಅಲ್ಲ ಯಜಮಾನ್ರೇ, ಅದು ಹಂಗಲ್ಲ…”

“ನೀನು ಸುಮ್ನಿರು ತಾಯಿ. ಮಾರೋರು ಹಂಗೇ ಹೇಳ್ಬೇಕು, ನಿನ್ನ ತಪ್ಪಿಲ್ಲ. ಆ ಗಾಜಿನ ಒಳಗಿರೋದು ಎಷ್ಟನೇದು?”

“ನಾಲ್ಕನೇದು. ಆದ್ರೆ…”

“ನಾಕು! ಅದನ್ನ ಯಾಕೆ ಬಚ್ಚಿಟ್ಟಿದ್ದೆ?”

ಹೀಗಾಯಿತು. ಮುರಳಿಗೆ ಏಳು ಬೇಕಿತ್ತು, ಚನ್ನರಾಯಪ್ಪನಿಗೆ ನಾಲ್ಕು ಬೇಕಿತ್ತು, ಎರಡೂ ಆ ಒಂದರಲ್ಲೇ ಸಿಕ್ಕಿತು. ಸುನಂದಳ ಮದುವೆಯಲ್ಲಿ ಸಾಂಬಾರಿಗೆ ಉಪ್ಪು ಸಾಕೇ ಸಾಲದೇ ಎಂದು ಶುರುವಾದ ಇವರಿಬ್ಬರ ಜಗಳ ಒಂಬತ್ತು ವರ್ಷ ನಡೆದಿತ್ತು. ಇವರು ಒಂದು ವಿಷಯಕ್ಕೆ ಒಟ್ಟಿಗೆ ತಲೆ ಆಡಿಸಿದ್ದನ್ನು ನಾನು ಅವತ್ತೇ ನೋಡಿದ್ದು.

ಸುನಂದ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, “ಅತ್ತೆ, ನಂಗ್ಯಾಕೋ ಹೊಸದೇ ಸರಿ ಅನ್ನಿಸ್ತಾ ಇದೆ. ಚಿಕ್ಕಮಾವಂಗೆ ಹೆಂಗೆ ಹೇಳೋದು?” ಎಂದಳು. ಮುಖ ಸಣ್ಣದಾಗಿತ್ತು.

“ತಾಳು. ಅವನು ಇನ್ನೂ ಕರೆದು ನೋಡಿಲ್ಲ,” ಎಂದೆ.

ನಾನು ಹೇಳಿ ಮುಗಿಸುವಷ್ಟರಲ್ಲಿ ಚನ್ನರಾಯಪ್ಪ ಒಂದು ಸ್ಟೂಲು ಎಳೆದುಕೊಂಡು ಕೂತ. “ಇದೇ ಆಗಬಹುದು ತಾಯಿ. ಮೂರು ಹೊತ್ತು ಕರೆದು ನೋಡಿ ದುಡ್ಡು ಕೊಡ್ತೀವಿ.”

“ಕರೆದು ಅಂದ್ರೆ?”

“ಇವಳ ಕೆಲಸ ಏನೈತೋ ಅದನ್ನ ಇದರ ಕೈಲಿ ಮಾಡಿಸಿ. ಇವತ್ತು ಸಂಜೆ, ನಾಳೆ ಬೆಳಿಗ್ಗೆ, ನಾಳೆ ಸಂಜೆ.”

“ಎಲ್ರೂ ಹತ್ತು ನಿಮಿಷ ನೋಡಿ ತಗೊಂಡೋಗ್ತಾರೆ ಯಜಮಾನ್ರೇ.”

“ಅದಕ್ಕೇ ಹತ್ತು ದಿನಕ್ಕೆ ವಾಪಸ್ ತರ್ತಾರೆ.”

ಅದು ನಿಜವೇ ಇರಬೇಕು, ನಾಹಿದ್‌ಗೆ ನಗು ಬಂತು. “ಅಲ್ಲಾ, ರಾತ್ರಿ ಎಲ್ಲಿರ್ತೀರ?”

“ಇಲ್ಲೇ. ಇದರ ಪಕ್ಕ.”

“ಎಂಟೂವರೆಗೆ ಶಟರ್ ಎಳೀತೀವಿ.”

“ಎಳ್ಕೊಳ್ಳಿ. ನಾನೇನು ಬೇಡ ಅಂದ್ನಾ? ಒಳಗಿರ್ತೀನಿ.”

ಕಾಲು ಗಂಟೆ ಚೌಕಾಸಿ ನಡೆಯಿತು. ಬೆಲೆಗೆ ಅಲ್ಲ, ಹೊತ್ತಿಗೆ. ಹಸುವಿನ ಹೊಟ್ಟೆ ದೊಡ್ಡದು, ಇದರದು ಚಿಕ್ಕದು, ಆದ್ದರಿಂದ ಹನ್ನೆರಡು ಗಂಟೆ ಬಿಡಬೇಕಾಗಿಲ್ಲ ಎಂದು ನಾಹಿದ್ ಹೇಳಿದ್ದು ಕೊನೆಗೆ ಅವನಿಗೆ ಒಪ್ಪಿಗೆಯಾಯಿತು. ಹನ್ನೊಂದಕ್ಕೆ ಒಂದು, ಎರಡಕ್ಕೆ ಒಂದು, ನಾಲ್ಕಕ್ಕೆ ಒಂದು ಎಂದು ಇತ್ಯರ್ಥವಾಯಿತು. ನಾಹಿದ್ ಒಂದು ಮಾತು ಸೇರಿಸಿದಳು. “ಹಂಗಾದ್ರೆ ಹೊಸದನ್ನೂ ಪಕ್ಕದಲ್ಲಿ ಕಟ್ಟಿ ಕರೀರಿ. ಎರಡನ್ನೂ ನೋಡಿ ಹೇಳಿ.”

“ಮುದಿ ಹಸೂನ ಹಿಂಡಿ ಪಾಪ ಯಾಕೆ ಕಟ್ಕೊಂತೀಯ?” ಎಂದ ಚನ್ನರಾಯಪ್ಪ. ಆದರೂ ಬೇಡವೆನ್ನಲಿಲ್ಲ.

ಹನ್ನೊಂದಕ್ಕೆ ಸುನಂದ ಪೆನ್‌ಡ್ರೈವ್ ಹಾಕಿ ಪಟ್ಟಿ ತೆರೆದಳು. ಎಣಿಸುವುದು ನನ್ನ ಕೆಲಸ. ಗಡಿಯಾರದ ಓಡುವ ಮುಳ್ಳು ನನ್ನ ಕಣ್ಣಿಗೆ ಹಿಡಿಯುವುದಿಲ್ಲ, ಮನಸ್ಸಿನಲ್ಲಿ ಎಣಿಸಿದರೆ ಮಾತ್ರ ತಪ್ಪುವುದಿಲ್ಲ. ಹಳೆಯ ಐ ಸೆವೆನ್ನಿನಲ್ಲಿ ಪಟ್ಟಿ ಬರಲು ಹದಿನಾಲ್ಕು ಎಣಿಸಿದೆ. ಹೊಸ ಐ ತ್ರೀಯಲ್ಲಿ ಹನ್ನೆರಡು.

“ನೋಡಿದ್ರಾ!” ಎಂದ ಮುರಳಿ. “ಎರಡು ಎಣಿಕೆಗೋಸ್ಕರ ಹದಿನಾಲ್ಕೂವರೆ ಸಾವಿರ ಜಾಸ್ತಿ ಕೊಡ್ಬೇಕಾ?”

“ಎರಡು ಎಣಿಸೋ ಅಷ್ಟ್ರಲ್ಲಿ ನಮ್ ಸುನಂದ ಒಂದ್ಸಲ ಆಕಳಿಸ್ಕೊಂಡ್ರಾಯ್ತು,” ಎಂದ ಚನ್ನರಾಯಪ್ಪ.

ಅವತ್ತು ಬೇರೆಯವರಾಗಿದ್ದರೆ ಅಲ್ಲಿಗೇ ದುಡ್ಡು ಕೊಟ್ಟು, ಚೀಲಕ್ಕೆ ಹಾಕಿಕೊಂಡು, ಹನ್ನೆರಡರ ಬಸ್ಸು ಹತ್ತುತ್ತಿದ್ದರು. ಮುರಳಿ ಹಾಗೇ ಹೇಳಿದ ಕೂಡ. ಚನ್ನರಾಯಪ್ಪ ಅವನನ್ನು ಗದರಿಸಿದ. “ಲೇ, ಮೊದಲ್ನೇ ಹೊತ್ತು ಲೆಕ್ಕಕ್ಕಿಲ್ಲ ಕಣೋ. ಕೂತ್ಕೋ.”

ಕೂತೆವು. ಗಿರಾಕಿಗಳು ಬಂದರು, ಹೋದರು. ಚನ್ನರಾಯಪ್ಪ ಸ್ಟೂಲಿನಿಂದ ಏಳಲಿಲ್ಲ. ಚಿತ್ರಾನ್ನವನ್ನೂ ಲ್ಯಾಪ್‌ಟಾಪಿಗೆ ಎದುರಾಗಿ ಕೂತೇ ತಿಂದ. ನಾಹಿದ್‌ಗೂ ಒಂದು ಪ್ಲೇಟು ಹಾಕಿಕೊಟ್ಟೆ. ಒಬ್ಬ ಗಿರಾಕಿ ಬಂದು ಚನ್ನರಾಯಪ್ಪನನ್ನೇ ಅಂಗಡಿಯವನು ಅಂದುಕೊಂಡು, “ಇದರಲ್ಲಿ ರ‍್ಯಾಮ್ ಎಷ್ಟಿದೆ?” ಎಂದು ಕೇಳಿದ. “ಇನ್ನೂ ಎರಡು ಹೊತ್ತು ಐತೆ, ಸಂಜೆ ಬಾ ಹೇಳ್ತೀನಿ,” ಎಂದು ಕಳಿಸಿದ.

ಎರಡು ಗಂಟೆಗೆ ಸುನಂದ ಒಂದು ಮಾತು ಹೇಳಿದಳು. “ಚಿಕ್ಕಮಾವ, ಬೆಳಿಗ್ಗೆ ಪಟ್ಟಿ ಒಂದೇ ತೆಗ್ದೆ. ಆಫೀಸಲ್ಲಿ ಹಂಗಿರಲ್ಲ. ಪಟ್ಟಿ, ಪತ್ರ, ಅರ್ಜಿ ಹಾಕೋ ವೆಬ್‌ಸೈಟು, ಮೀಟಿಂಗು, ಎಲ್ಲಾ ಒಟ್ಟಿಗೇ ತೆಗ್ದಿಟ್ಕೊಂಡಿರ್ಬೇಕು.”

“ಮತ್ತೆ ಎಲ್ಲಾ ತೆಗೀಯಮ್ಮ. ಮುಚ್ಚು ಮರೆ ಯಾಕೆ?”

ಎಲ್ಲ ತೆಗೆದಳು. ನಾಹಿದ್ ಒಳಗಿನ ಕೋಣೆಯಿಂದ ತನ್ನ ಫೋನಿನಲ್ಲಿ ವಿಡಿಯೋ ಮೀಟಿಂಗಿಗೆ ಬಂದಳು, ಮೊದಲು ಹಳೆಯದಕ್ಕೆ, ಆಮೇಲೆ ಹೊಸದಕ್ಕೆ. ಹಳೆಯದು ಹತ್ತು ನಿಮಿಷ ನಡೆಯಿತು. ಆಮೇಲೆ ಅದರ ಫ್ಯಾನು ಕಬ್ಬಿನ ಹಾಲಿನ ಮಿಷಿನ್ನಿನ ಹಾಗೆ ಕೂಗತೊಡಗಿತು. ನಾಹಿದ್ ಮಾತು ಮೊದಲು ಬಂದು, ಬಾಯಿ ಆಮೇಲೆ ಆಡುತ್ತಿತ್ತು. ಪಟ್ಟಿಯಲ್ಲಿ ಒಂದು ಹೆಸರು ಹುಡುಕಲು ಸುನಂದ ಬೆರಳು ಒತ್ತಿದಳು. ನಾನು ಎಣಿಸಿದೆ. ಹತ್ತು. ಇಪ್ಪತ್ತು. ಮೂವತ್ತೊಂದಕ್ಕೆ ಬಂತು.

ಚನ್ನರಾಯಪ್ಪ ಅದರ ಹೊಟ್ಟೆಯ ಕೆಳಗೆ ಕೈ ಹಾಕಿ ತಟ್ಟನೆ ತೆಗೆದ. “ಅಯ್ಯೋ ರಾಮ. ಕೆಚ್ಚಲು ಬಾವು ಬಂದಂಗೆ ಕಾಯ್ತಾ ಐತೆ.”

ಹೊಸದರಲ್ಲೂ ಅಷ್ಟೇ ಕೆಲಸ ತೆರೆದಳು. ಹದಿಮೂರು ಎಣಿಸಿದೆ. ಅವನು ಅದರ ಕೆಳಗೂ ಕೈ ಇಟ್ಟ. ಬಹಳ ಹೊತ್ತು ಇಟ್ಟುಕೊಂಡೇ ಇದ್ದ.

“ಬೆಚ್ಚಗೈತೆ ಅಷ್ಟೇ,” ಎಂದ, ಯಾರಿಗೂ ಅಲ್ಲದ ಹಾಗೆ.

ಟವೆಲ್ ತೆಗೆದು ಮೊಣಕಾಲ ಮೇಲೆ ಹಾಕಿಕೊಂಡ. ಹದಿಮೂರು ಸೂಲಿನದು ನಾಲ್ಕು ಸೂಲಿನದನ್ನು ಮೀರಿಸಿದ್ದು ಅವನಿಗೆ ಒಗ್ಗಲಿಲ್ಲ. ನಲವತ್ತು ವರ್ಷದ ಅನುಭವ ಆ ಮೇಜಿನ ಮೇಲೆ ತಿರುಗುಮುರುಗಾಗಿ ಬಿದ್ದಿತ್ತು. ಕೊನೆಗೆ ನಾಹಿದ್ ಕಡೆ ನೋಡಿದ.

“ತಾಯಿ, ಇದು ಹೆಂಗೆ?”

“ಬೆಳಿಗ್ಗೆ ಮೂರ್ ಸಲ ಹೇಳಕ್ ಬಂದೆ, ನೀವು ಬಿಟ್ರಾ?” ಎಂದಳು ನಾಹಿದ್. “ಹದಿಮೂರು ಸಲ ಹೆತ್ತಿದ್ದಲ್ಲ ಯಜಮಾನ್ರೇ. ಹದಿಮೂರನೇ ತಲೆ. ಮುತ್ತಜ್ಜಿ, ಅಜ್ಜಿ, ಅಮ್ಮ, ಹಂಗೆ ಇಳ್ಕೊಂಡು ಬಂದ್ರೆ ಇದು ಹದಿಮೂರನೇ ತಲೆಯ ಕಡಸು. ಬಾಯಲ್ಲಿ ಇನ್ನೂ ಎರಡೇ ಹಲ್ಲು.”

“ನಾಕನೇದು?”

“ಅದು ಎಲ್ಲಾ ಹಲ್ಲೂ ಬಂದು ಬಾಯಿಗೂಡಿ ಹತ್ತು ವರ್ಷ ಆಯ್ತು.”

“ಸರಿಪೋಯಿಂದಿ,” ಎಂದ ಚನ್ನರಾಯಪ್ಪ. ಬೆಳಗಿನಿಂದ ಮಾಡಿದ್ದೆಲ್ಲ ಮಣ್ಣುಪಾಲಾಯಿತು ಅನ್ನುವಾಗ ಅವನು ಹಾಗನ್ನುವುದು.

“ಮತ್ತೆ ಏಳು ಅನ್ನೋದು?” ಎಂದು ಕೇಳಿದ ಮುರಳಿ. ಅವನ ಸ್ವರವೂ ತಗ್ಗಿತ್ತು.

“ಮೂರು, ಐದು, ಏಳು ಅಂದ್ರೆ ಅದೇ ತಲೇಲಿ ಹುಟ್ಟಿದ ಅಣ್ಣತಮ್ಮಂದಿರು ಅಣ್ಣ. ಏಳು ಗಟ್ಟಿ. ಆದ್ರೆ ತಾತನ ಕಾಲದ ಗಟ್ಟಿ ಆಳನ್ನ ಈಗ ತಂದು ಮೂಟೆ ಹೊರ್ಸಿದ್ರೆ ಏದುಸಿರು ಬಿಡಲ್ವಾ? ಯಾವ ತಲೆ ಅಂತ ಮೊದ್ಲು ನೋಡ್ಬೇಕು. ಆಮೇಲೆ ಯಾವ ನಂಬರು ಅಂತ.”

ಮುರಳಿ ಸುಮ್ಮನಿರುವವನಲ್ಲ. “ಹಂಗಾದ್ರೆ ಹೊಸ ಐ ಫೈವ್ ತಗೊಳ್ಳೋಣ. ಕಮ್ಮಿ ಬಿದ್ದಿದ್ದನ್ನ ನಾನು ಯಾರ್ ಹತ್ರಾನಾದ್ರೂ ಸಾಲ ತರ್ತೀನಿ,” ಎಂದ. ನಾಹಿದ್ ಅದನ್ನೂ ತೆರೆದು ಕೊಟ್ಟಳು. ಸುನಂದ ಅದೇ ಕೆಲಸ ಮಾಡಿದಳು. ಹನ್ನೆರಡು ಎಣಿಸಿದೆ.

“ಹದಿಮೂರಕ್ಕೂ ಹನ್ನೆರಡಕ್ಕೂ ಒಂದೇ ಎಣಿಕೆ ಹೆಚ್ಚುಕಮ್ಮಿ,” ಎಂದ ಚನ್ನರಾಯಪ್ಪ, ಈಗ ಬಹಳ ಎಚ್ಚರಿಕೆಯಿಂದ. “ನಾಕು ಜನರ ಮನೆಗೆ ಇಪ್ಪತ್ತು ಲೀಟರಿನ ಹಸು ಯಾಕೆ? ಅಲ್ವಾ ತಾಯಿ? ತಪ್ಪಿದ್ರೆ ಹೇಳು.”

“ತಪ್ಪಿಲ್ಲ ಯಜಮಾನ್ರೇ. ಸಿನಿಮಾ ಎಡಿಟ್ ಮಾಡೋರಿಗೆ ಬೇಕಾಗ್ತದೆ. ಇವರಿಗೆ ಬೇಡ. ಮುಂದೆ ಕೆಲ್ಸ ಜಾಸ್ತಿ ಆದ್ರೆ ಐ ತ್ರೀಗೇ ಇನ್ನೊಂದು ರ‍್ಯಾಮ್ ಹಾಕ್ಸಿ, ಅದಕ್ಕೆ ಜಾಗ ಇದೆ.”

ಇಷ್ಟಾದರೂ ನಾಲ್ಕು ಗಂಟೆಯ ಹೊತ್ತನ್ನು ಅವನು ಬಿಡಲಿಲ್ಲ. ಎರಡರ ಚಾರ್ಜರನ್ನೂ ತೆಗೆಸಿ ಕೆಲಸಕ್ಕೆ ಕೂರಿಸಿದ. ಹಳೆಯದು ನಲವತ್ತು ನಿಮಿಷಕ್ಕೆ ಕಣ್ಣು ಮುಚ್ಚಿತು. “ಚಾರ್ಜರ್ ಹಾಕ್ಕೊಂಡೇ ಕೆಲ್ಸ ಮಾಡ್ಬೋದಲ್ವಾ?” ಎಂದ ಮುರಳಿ, ಕೊನೆಯ ಆಸೆಯಿಂದ. “ಕರು ಪಕ್ಕದಲ್ಲಿದ್ರೇನೇ ಹಾಲು ಬಿಡ್ತೀನಿ ಅನ್ನೋ ಹಸು ಅದು. ಬ್ಯಾಡ,” ಎಂದ ಚನ್ನರಾಯಪ್ಪ. ಹೊಸದರಲ್ಲಿ ಅಷ್ಟು ಹೊತ್ತಿಗೆ ಎಂಬತ್ತೆಂಟು ಪರ್ಸೆಂಟು ಚಾರ್ಜು ಉಳಿದಿದೆ ಎಂದು ಸುನಂದ ಓದಿ ಹೇಳಿದಳು. ಅದನ್ನೇ ತಗೊಂಡೆವು. ಚೀಲ ಒಂದನ್ನು ನಾಹಿದ್ ಹಾಗೇ ಕೊಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದೆವು. ಚನ್ನರಾಯಪ್ಪ ಬನ್ನು ಬೇಡ ಎಂದ. ನನಗೆ ಅವತ್ತು ಅದೇ ಹೆಚ್ಚು ಆಶ್ಚರ್ಯ.

ಸೋಮವಾರ ಮಾಲೂರಿಗೆ ಸುನಂದ, ನಾನು, ಅವನು ಹೋದೆವು. ಅವನನ್ನು ಬರಬೇಡ ಎಂದಿದ್ದೆ. “ಅವತ್ತು ಅಂಗಡೀಲಿ ನಾನು ಮೊದಲು ಹಿಡಿದಿದ್ದನ್ನೇ ಕೊಡಿಸಿದ್ರೆ ಈ ಹುಡುಗಿ ಗತಿ ಏನಾಗ್ತಿತ್ತು ವದಿನಾ? ಮನೇಲಿ ಕೂತ್ರೆ ಅನ್ನ ಇಳಿಯಲ್ಲ,” ಎಂದು ಬಂದೇಬಿಟ್ಟ. ಒಕ್ಕೂಟದ ಆಫೀಸಿನ ಬಾಗಿಲಲ್ಲಿ ಹೆಂಗಸರ ಸಾಲಿತ್ತು. ನಾವಿಬ್ಬರೂ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆವು.

ಶಾಮಲಮ್ಮ ಕನ್ನಡಕದ ಮೇಲಿನಿಂದ ನೋಡಿದರು. “ಯಾವುದಮ್ಮ ಇದು? ಐ ಫೈವಾ?”

“ಐ ತ್ರೀ ಮೇಡಂ.”

“ಬರೀ ಐ ತ್ರೀನಾ? ಹೋದ ವಾರ ಬಂದವಳದ್ದು ಐ ಸೆವೆನ್ನು. ಅದೇ ನಿಂತೋಯ್ತಲ್ಲಮ್ಮ.”

ಚನ್ನರಾಯಪ್ಪ ಏಳಲು ಹೋದ, ನಾನು ಅವನ ಅಂಗಿ ಹಿಡಿದು ಕೂರಿಸಿದೆ. ಸುನಂದ ಎಲ್ಲ ತೆರೆದಿಟ್ಟಳು. ಪತ್ರ ಟೈಪ್ ಮಾಡಲು ಶುರು ಮಾಡಿದ್ದಳು, ಕರೆಂಟು ಹೋಯಿತು. ಮೇಲಿನ ಫ್ಯಾನು ನಿಂತಿತು. ಆಫೀಸಿನ ಹಳೆಯ ಕಂಪ್ಯೂಟರು ಟಪ್ ಎಂದು ಆರಿತು. ಸುನಂದಳದು ಮಾತ್ರ ಉರಿಯುತ್ತಿತ್ತು. ಅವಳು ತಲೆ ಎತ್ತದೆ ಟೈಪ್ ಮಾಡಿದಳು.

ಶಾಮಲಮ್ಮ ಬಾಗಿಲಿನ ಕಡೆ ಕೈ ತೋರಿಸಿದರು. “ಈ ಅಜ್ಜಿ ನಾಕನೇ ಸಲ ಬರ್ತಾ ಇರೋದು. ಇವಳ ಹೆಸರು ಇನ್ಯಾರದೋ ಮನೆ ನಂಬರಿಗೆ ಸೇರ್ಕೊಂಡೈತೆ. ರಿಜಿಸ್ಟರಲ್ಲಿ ಹುಡುಕಿ ಸಾಕಾಯ್ತು. ನೀನು ಹುಡುಕು ನೋಡೋಣ.”

ಅಜ್ಜಿ ಮುಂದೆ ಬಂದಳು. ಲಕ್ಕೂರಿನವಳು. ಹೆಸರು ಚಿಕ್ಕಗಂಗಮ್ಮ. ಸುನಂದ ಹುಡುಕಿದಳು. ಬೆರಳು ಒತ್ತುವುದಕ್ಕೂ ಬರುವುದಕ್ಕೂ ನಡುವೆ ಹದಿಮೂರು ಎಣಿಸಿದೆ, ಅಂಗಡಿಯಲ್ಲಿ ಎಣಿಸಿದಷ್ಟೇ. ಹದಿನೇಳು ಚಿಕ್ಕಗಂಗಮ್ಮಂದಿರು ಸಿಕ್ಕರು. ಲಕ್ಕೂರಿನವರು ಅಂದರೆ ಐದು ಜನ.

“ಗಂಡನ ಹೆಸರು ಹೇಳಜ್ಜಿ,” ಎಂದಳು ಸುನಂದ.

ಅಜ್ಜಿ ಮುಖ ತಿರುಗಿಸಿ ಸೆರಗು ಕಚ್ಚಿಕೊಂಡಳು. ಸಾಲಿನಲ್ಲಿದ್ದವರೆಲ್ಲ ನಕ್ಕರು.

“ಹೇಳಮ್ಮ, ಹೊತ್ತಾಗ್ತದೆ,” ಎಂದರು ಶಾಮಲಮ್ಮ.

“ನಾನು ಹೆಂಗೆ ಹೇಳ್ಲಿ? ಅದೇ… ಏಳು ಬೆಟ್ಟದ ಮ್ಯಾಲೆ ಅವನಲ್ಲ, ಅವನ ಹೆಸರು.”

“ವೆಂಕಟರಮಣಪ್ಪಾನಾ?” ಎಂದಳು ಸುನಂದ.

ಅಜ್ಜಿ ಅಲ್ಲವೆಂದು ತಲೆ ಅಲ್ಲಾಡಿಸಿದಳು. ಸುನಂದ ತಿಮ್ಮಪ್ಪ ಎಂದು ಹಾಕಿದಳು. ಅದೂ ಅಲ್ಲ. ಶ್ರೀನಿವಾಸಪ್ಪ ಎಂದಳು. ಅದೂ ಅಲ್ಲ. ಪ್ರತಿ ಸಲವೂ ಪರದೆಯ ಮೇಲೆ ಆ ಐದು ಹೆಸರು ಹಿಂದೆ ಮುಂದೆ ಸರಿದು ನಿಲ್ಲುತ್ತಿದ್ದವು, ಲ್ಯಾಪ್‌ಟಾಪು ಬೇಸರ ಮಾಡಿಕೊಳ್ಳಲಿಲ್ಲ. ಚನ್ನರಾಯಪ್ಪ ಬೆಂಚಿನಿಂದಲೇ ಕೂಗಿದ, “ಗೋವಿಂದಪ್ಪ ಅಂತ ನೋಡಮ್ಮ!”

ಅಜ್ಜಿಯ ಮುಖ ಕೆಂಪಾಯಿತು. ಸಿಕ್ಕಿತು. ಗೋವಿಂದಪ್ಪನ ಹೆಂಡತಿ ಚಿಕ್ಕಗಂಗಮ್ಮ ಎರಡು ವರ್ಷದಿಂದ ಬೇರೊಬ್ಬರ ಮನೆ ನಂಬರಿನಲ್ಲಿದ್ದಳು. ಸುನಂದ ಸರಿ ಮಾಡಿ ತೋರಿಸಿದಳು. ಶಾಮಲಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕರೆಂಟು ಇನ್ನೂ ಬಂದಿರಲಿಲ್ಲ.

“ಈ ಮಿಷಿನ್ನು ಯಾರಮ್ಮ ಆರಿಸಿಕೊಟ್ಟಿದ್ದು?”

“ನಮ್ ಚಿಕ್ಕಮಾವ, ಮೇಡಂ.”

ಚನ್ನರಾಯಪ್ಪ ಎದ್ದು ನಿಂತ. “ಸುಳ್ಳು ತಾಯಿ. ನಾನು ಆರಿಸಿದ್ದು ಒಂದು ಮುದಿ ಹಸು. ಇವಳ ಕೆಲಸ ಮಾಡಿಸಿ ನೋಡಿದ್ಮೇಲೆ ಇದು ಸಿಕ್ಕಿದ್ದು.”

ಶಾಮಲಮ್ಮನಿಗೆ ಏನೂ ಅರ್ಥವಾಗಲಿಲ್ಲ. ಸುನಂದಳ ಕಡೆ ತಿರುಗಿ, “ನಾಳೆ ಹತ್ತು ಗಂಟೆಗೆ ಬಂದ್ಬಿಡು,” ಎಂದರು.

ಸುನಂದ ಬಾಗಿಲಿನ ಸಾಲನ್ನು ನೋಡಿದಳು. “ಇವತ್ತೇ ಕೂತ್ಕೊಳ್ಲಾ ಮೇಡಂ? ಇವರೆಲ್ಲ ನಾಳೆ ಮತ್ತೆ ಬಸ್ ಚಾರ್ಜ್ ಕೊಟ್ಕೊಂಡು ಬರ್ಬೇಕು.”

“ಕೂತ್ಕೋ. ನಂಗೇನು?”

ಸುನಂದ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, “ಮುಂದಿನವರು ಬನ್ನಿ,” ಎಂದಳು. ಆ ಮಾತನ್ನು ಅವಳು ಅದೆಷ್ಟು ದಿನದಿಂದ ಮನಸ್ಸಿನಲ್ಲಿ ಹೇಳಿಕೊಂಡಿದ್ದಳೋ, ತಡವರಿಸಲಿಲ್ಲ. ನಮ್ಮ ಕಡೆ ಒಂದು ಸಲ ನೋಡಿ, ಲ್ಯಾಪ್‌ಟಾಪು ಇನ್ನು ಆಫೀಸಿನಲ್ಲೇ ಇರುತ್ತದೆ, ಚೀಲವನ್ನು ಮನೆಗೆ ಒಯ್ಯಿರಿ ಎಂದಳು. ಚಾರ್ಜರನ್ನು ಮಾತ್ರ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಳು.

ಖಾಲಿ ಚೀಲವನ್ನು ಚನ್ನರಾಯಪ್ಪ ಹೆಗಲಿಗೆ ಹಾಕಿಕೊಂಡ. ಒಂದೂವರೆಯ ಬಸ್ಸಿಗೆ ನಾವಿಬ್ಬರೂ ಟೇಕಲ್ಲಿಗೆ ಬಂದೆವು. ಅವತ್ತು ಸಂಜೆ ಸುನಂದ ಬಂದಾಗ ಆರು ಮುಕ್ಕಾಲಾಗಿತ್ತು. ನಲವತ್ತಮೂರು ಜನರ ಕೆಲಸ ಮುಗಿಸಿದೆ ಅತ್ತೆ ಎಂದು ಹೇಳಿ, ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕೂತಳು.